ಎದುರು ಶುಕ್ರ

ಆ ವರ್ಷ ನೀಲತ್ತೆಯನ್ನು ಗಂಡನ ಮನೆಗೆ ಹೋಗಗೊಡದೆ ತಡೆದವನು ಶುಕ್ರ. ಶುಕ್ರನೆಂದರೆ ಆಕಾಶದ ಶುಕ್ರನೇ. ಅಪ್ಪನ ಕೊನೆಯ ತಂಗಿಯಾದ ಅವಳ ಮದುವೆ ಬನವಾಸಿ ಕಡೆಯ ಬಸವಂತಪ್ಪ ಮಾಮಾನ ಜೊತೆ ಆಗಿತ್ತು. ತನ್ನ ಅತ್ತೆ ಮಾವಂದಿರ ಊರಿಗೆ ಹೋಗಿ, ಶಾಸ್ತ್ರಗಳನ್ನೆಲ್ಲ ಮುಗಿಸಿ, ಅವಳು ಶಿರಸಿಗೆ ತಿರುಗಿ ಬಂದಿದ್ದಳು. ಮಾಮಾ ಕುಮಟೆಯ ಕಚೇರಿಯೊಂದರಲ್ಲಿ ಗುಮಾಸ್ತ. ಅಲ್ಲಿ ಮನೆ ಹೂಡಲು ಅವಳನ್ನು ಕಳಿಸುವುದಷ್ಟೇ ಬಾಕಿ. ಆದರೆ ಕುಮಟೆ ನಮಗೆ ಪಶ್ಚಿಮಕ್ಕೆ, ಘಟ್ಟದ ಕೆಳಗೆ. ಸಂಜೆಯಾದರೆ ಶುಕ್ರನೂ ಅದೇ ಪಶ್ಚಿಮದಲ್ಲಿ, ನಮ್ಮ ಹಿತ್ತಿಲಿನ ಎದುರಿಗೆ, ದೀಪ ಹಚ್ಚಿಟ್ಟ ಹಾಗೆ ನಿಲ್ಲುತ್ತಿದ್ದ. ಹೊಸ ಮದುಮಗಳು ಶುಕ್ರನಿಗೆ ಎದುರಾಗಿ ಪ್ರಯಾಣ ಮಾಡಬಾರದೆಂದು ಅಜ್ಜಿ ಹಟ ಹಿಡಿದಿದ್ದಳು.

"ಪಡುವಣದಾಗ ಮುಳುಗಿ ಮೂಡಣದಾಗ ಹುಟ್ಲಿ. ನಮ್ಮ ಹುಡುಗಿ ಬೆನ್ನಿಗೆ ಬರ್ಲಿ ಅಂವ. ಆಮ್ಯಾಲೆ ಕಳಸೂಣು."

ಅಜ್ಜಿಯ ಈ ಹಟಕ್ಕೆ ಕಾರಣವಿತ್ತು. ಅವಳನ್ನು ತವರಿನಿಂದ ಕಳಿಸುವಾಗ ಯಾರೂ ದಿಕ್ಕು ನೋಡಿರಲಿಲ್ಲವಂತೆ. ಚಕ್ಕಡಿಯ ಮುಂದಿನ ಮೂಕಿಮರದ ನೇರಕ್ಕೆ ಶುಕ್ರ ಹೊಳೆಯುತ್ತಿದ್ದದ್ದನ್ನು ಅವಳು ದಾರಿಯುದ್ದಕ್ಕೂ ನೋಡುತ್ತ ಬಂದಿದ್ದಳು. ಮುಂದೆ ಅವಳ ಚೊಚ್ಚಲ ಕೂಸು ಉಳಿಯಲಿಲ್ಲ. ಆ ಕೂಸಿನ ಹೆಸರನ್ನು ಅವಳು ನಮ್ಮ ಮುಂದೆ ಅಲ್ಲಿಯವರೆಗೆ ಒಮ್ಮೆಯೂ ಹೇಳಿರಲಿಲ್ಲ. ಆದರೆ ಶುಕ್ರನ ಮಾತು ಬಂದಾಗಲೆಲ್ಲ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅದನ್ನು ಕಂಡರೆ ಅಪ್ಪನೂ ವಾದ ಬಿಟ್ಟು ಎದ್ದು ಹೋಗುತ್ತಿದ್ದ.

ನಮ್ಮ ಮನೆ ಶಿರಸಿ ಪೇಟೆಯ ಒಂದು ಸಂದಿಯಲ್ಲಿತ್ತು. ಮುಂದೆ ಅಪ್ಪನ ಫೋಟೋ ಸ್ಟುಡಿಯೋ, ಹಿಂದೆ ಸಂಸಾರ. ಬಾಗಿಲು ದಾಟಿದರೆ ಮೊದಲು ಪರದೆಯ ಕೋಣೆ. ಅಲ್ಲಿ ಗೋಡೆಯಗಲದ ಬಟ್ಟೆಯ ಮೇಲೆ ಬಿಳಿ ಮೆಟ್ಟಿಲು, ಕೊಳ, ಕೊಳದಲ್ಲಿ ಎರಡು ಹಂಸ. ಸಿದ್ದಾಪುರ, ಯಲ್ಲಾಪುರಗಳಿಂದ ಬಸ್ಸಿಳಿದು ಬಂದ ಮದುಮಕ್ಕಳು ಧೂಳು ಕೊಡವಿಕೊಂಡು ಆ ಹಂಸಗಳ ಮುಂದೆ ಗಂಭೀರವಾಗಿ ನಿಲ್ಲುತ್ತಿದ್ದರು. ಅದರ ಹಿಂದೆ ಫೋಟೋ ತೊಳೆಯುವ ಕತ್ತಲೆ ಕೋಣೆ. ಅದಕ್ಕೂ ಅಜ್ಜಿ ಲಿಂಗಪೂಜೆಗೆ ಕೂಡುವ ಮೂಲೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಹೀಗಾಗಿ ನಮ್ಮ ಮನೆಯಲ್ಲಿ ಊದಿನಕಡ್ಡಿಯ ಪರಿಮಳ ಮತ್ತು ಫೋಟೋ ತೊಳೆಯುವ ದ್ರಾವಣದ ಹುಳಿ ವಾಸನೆ ಎಂದೂ ಬೇರೆಬೇರೆ ಇರಲಿಲ್ಲ. ನಡುಮನೆಯ ಕಿಟಕಿಯ ಹತ್ತಿರ ಅವ್ವನ ಮೇಜು. ಅಡುಗೆ ಮುಗಿಸಿ ಅವಳು ಅಲ್ಲಿ ಕೂತು, ಗಾಜಿನ ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದು, ಸೂಜಿಯಂತೆ ಚೂಪಾಗಿಸಿದ ಪೆನ್ಸಿಲ್ಲಿನಿಂದ ಮುಖದ ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು ಇವನ್ನೆಲ್ಲ ತೀಡಿ ಅಳಿಸುತ್ತಿದ್ದಳು. ಮೂರು ತಾಲೂಕಿನ ಮದುವೆ ಹುಡುಗಿಯರನ್ನು ಚೆಲುವೆಯರನ್ನಾಗಿ ಮಾಡಿದ್ದು ಅವ್ವನ ಪೆನ್ಸಿಲ್ಲೇ ಎಂದು ಅಪ್ಪ ಬಂದವರ ಮುಂದೆ ಹೇಳಿಕೊಳ್ಳುತ್ತಿದ್ದ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಅಜ್ಜಿ ಮಾತ್ರ ಇನ್ನೂ ಮುಂಬಯಿ ಸರಕಾರ ಎನ್ನುತ್ತಿದ್ದಳು.

ಇಂಥ ಮನೆಗೆ ದುರ್ಬೀನು ತಂದವರು ಹೆಗಡೆ ಮಾಸ್ತರು. ಬಿಳಗಿ ಕಡೆಯವರು. ಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ, ನಮ್ಮ ಸಂದಿಯ ತುದಿಯಲ್ಲಿ ಒಂದು ಕೋಣೆ ಹಿಡಿದು ಇದ್ದರು. ಪುಣೆಯ ಹಳೆ ಸಾಮಾನಿನ ಬಜಾರಿನಲ್ಲಿ ಅವರಿಗೆ ಅಂಗೈಯಗಲದ ಒಂದು ದಪ್ಪ ಮಸೂರ ಸಿಕ್ಕಿತ್ತು. ಅದಕ್ಕೆ ತಗಡಿನ ಕೊಳವೆ ಮಾಡಿಸಿ, ಒಳಗೆ ಮಸಿ ಬಳಿದು, ಇನ್ನೊಂದು ತುದಿಗೆ ಕಣ್ಣಿಡುವ ಸಣ್ಣ ಗಾಜು ಕೂಡಿಸಿದಾಗ ಅದು ಅಪ್ಪನಿಗಿಂತ ಉದ್ದವಾಯಿತು. ಅವರ ಕೋಣೆಗೆ ಅಂಗಳವಿರಲಿಲ್ಲ. ನಮ್ಮ ಹಿತ್ತಿಲಿಗೆ ಬಾವಿಯಿತ್ತು, ಬಟ್ಟೆ ಒಗೆಯುವ ಕಲ್ಲಿತ್ತು, ಪಶ್ಚಿಮಕ್ಕೆ ಪಕ್ಕದ ಮನೆಯ ತಗ್ಗು ಹಂಚಿನ ಮಾಡಿನಾಚೆ ಬರೀ ಆಕಾಶವಿತ್ತು. ಜೊತೆಗೆ ಅಪ್ಪನ ಹತ್ತಿರ ಕ್ಯಾಮೆರಾ ಇತ್ತು. ಗ್ರಹದ ಫೋಟೋ ತೆಗೆಯಬೇಕೆಂಬ ಆಸೆ ಮಾಸ್ತರರದು. ಹಂಸಗಳ ಮುಂದೆ ನಿಂತವರನ್ನೇ ತೆಗೆದು ತೆಗೆದು ಬೇಸತ್ತಿದ್ದ ಅಪ್ಪ ಒಂದೇ ಮಾತಿಗೆ ಒಪ್ಪಿದ.

ಮೊದಲ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅಪ್ಪನ ಹಳೆ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೊಳವೆಯನ್ನು ಕಟ್ಟಿದ್ದರು. ಮಾಸ್ತರರು ನನ್ನನ್ನು ಒಗೆಯುವ ಕಲ್ಲಿನ ಮೇಲೆ ನಿಲ್ಲಿಸಿದರು. ನೋಡುವ ಮೊದಲು ಏನು ಕಾಣುತ್ತದೆಂದು ಯಾರಿಗೂ ಹೇಳಬಾರದೆಂಬುದು ಅವರ ಪದ್ಧತಿ. ಉತ್ಸಾಹ ಬಂದಾಗ ಅವರ ಬಾಯಿಗೆ ಹವ್ಯಕರ ಮನೆಮಾತು ಬಂದುಬಿಡುತ್ತಿತ್ತು.

"ಎಂತ ಕಾಣ್ತು ಹೇಳಿ ಆನು ಹೇಳ್ತ್ನಿಲ್ಲೆ. ನೀನೇ ನೋಡಿ ಹೇಳು."

ನಾನು ನೋಡಿದೆ. ಬೆಳ್ಳಗೆ ಏನೋ ನಡುಗುತ್ತಿತ್ತು. ನಡುಗಿ ನಡುಗಿ ನಿಂತಾಗ ಅರ್ಧಕ್ಕೆ ಮುರಿದ ಹೋಳಿಗೆಯಂತೆ ಕಂಡಿತು.

"ಚಂದ್ರಾಮ್ರಿ, ಸರ."

"ಹೌದನ? ಹಂಗಾದ್ರೆ ಅಲ್ಲಿ ಇಪ್ಪದು ಯಾರು?"

ಅವರು ಬೆರಳು ತೋರಿಸಿದ ಕಡೆ, ಬಾವಿಯ ಮೇಲುಗಡೆ, ನಿಜವಾದ ಚಂದ್ರ ದುಂಡಗೆ ಕೂತಿದ್ದ. ನಾನು ಮತ್ತೆ ಕೊಳವೆಗೆ ಕಣ್ಣಿಟ್ಟೆ. ಅರ್ಧ ಹೋಳಿಗೆ ಇನ್ನೂ ಅಲ್ಲೇ ಇತ್ತು. ಬರಿಗಣ್ಣಿಗೆ ಬರೀ ಹೊಳಪಾಗಿದ್ದ ಚುಕ್ಕಿಗೆ ಒಂದು ಆಕಾರವಿದೆ, ಅದರಲ್ಲಿ ಅರ್ಧಕ್ಕೆ ಬೆಳಕು, ಅರ್ಧಕ್ಕೆ ಕತ್ತಲೆ ಇದೆ ಎಂಬುದು ನನ್ನ ಹೊಟ್ಟೆಯೊಳಗೆ ಹೋಗಿ ಕೂತ ಹಾಗಾಯಿತು. ಹಿಂದೆ ನಿಂತಿದ್ದ ನೀಲತ್ತೆ ನನ್ನನ್ನು ಪಕ್ಕಕ್ಕೆ ಸರಿಸಿದಳು. ತನ್ನನ್ನು ತಡೆದು ನಿಲ್ಲಿಸಿದವನ ಮುಖ ನೋಡಬೇಕೆಂದು ಬಂದಿದ್ದವಳು ಅವಳು. ಬೈಯುವುದಕ್ಕೆಂದೇ ಬಾಯಿ ತೆರೆದಿದ್ದಳೆಂದು ಆಮೇಲೆ ನನ್ನ ಹತ್ತಿರ ಹೇಳಿಕೊಂಡು ನಕ್ಕಳು. ಆದರೆ ಕಣ್ಣಿಟ್ಟವಳು ಅಲ್ಲಿಂದ ಕದಲಲಿಲ್ಲ. ಅವ್ವ ಊಟಕ್ಕೆ ಕರೆದಳು, ಅಜ್ಜಿ ಕರೆದಳು, ಕೊನೆಗೆ ಅಪ್ಪ ಗದರಿದ ಮೇಲೆ ಒಳಗೆ ಬಂದಳು. ರೊಟ್ಟಿ ಮುರಿಯುತ್ತ ಒಂದೇ ಮಾತು ಕೇಳಿದಳು.

"ಉಳದರ್ಧ ಎಲ್ಲಿ ಹೋತು?"

ಅಂದಿನಿಂದ ಸಂಜೆಯ ಕೆಲಸಗಳ ಕ್ರಮವೇ ಬದಲಾಯಿತು. ಅತ್ತೆ ಬೇಗ ನೀರು ಸೇದಿ, ದೀಪದ ಗಾಜು ಒರೆಸಿಟ್ಟು, ಹಿತ್ತಿಲಿಗೆ ಬಂದು ನಿಲ್ಲುತ್ತಿದ್ದಳು. ದಿನ ಕಳೆದಂತೆ ಹೋಳಿಗೆ ಕುಡುಗೋಲಾಗತೊಡಗಿತು. ಅದು ತೆಳ್ಳಗಾಗುವುದನ್ನು ಎಲ್ಲರೂ ಗಮನಿಸಿದ್ದರು. ತೆಳ್ಳಗಾಗುತ್ತಲೇ ಅದು ದೊಡ್ಡದೂ ಆಗುತ್ತಿದೆ ಎಂದು ಮೊದಲು ಹೇಳಿದವಳು ಅತ್ತೆ. ಸವೆಯುವ ವಸ್ತು ದೊಡ್ಡದಾಗುವುದು ಹೇಗೆಂದು ಅಪ್ಪ ಒಪ್ಪಲಿಲ್ಲ. ಮಾಸ್ತರರು ಒಂದು ನಿಂಬೆಹಣ್ಣು ಮತ್ತು ಚಿಮಣಿ ದೀಪ ತರಲು ಹೇಳಿದರು, ಅಷ್ಟೆ. ನಡುಮನೆಯ ಕಿಟಕಿ ಮುಚ್ಚಿ, ದೀಪವನ್ನು ಸ್ಟೂಲಿನ ಮೇಲಿಟ್ಟು, ಅತ್ತೆಯ ಕೈಗೆ ನಿಂಬೆಹಣ್ಣು ಕೊಟ್ಟರು. ಮೂಲೆಯಲ್ಲಿ ಮಣೆಯ ಮೇಲೆ ಕೂತಿದ್ದ ಅಜ್ಜಿ ಏಳಹೋದಳು.

"ನೀವು ಏಳದು ಬ್ಯಾಡ ಅಮ್ಮ. ನೀವು ಭೂಮಿ. ಅಲ್ಲೇ ಕೂತ್ಕಳಿ."

ಭೂಮಿಯಾದದ್ದು ಅಜ್ಜಿಗೆ ಇಷ್ಟವಾಗಿರಬೇಕು. ಸೆರಗು ಸರಿಮಾಡಿಕೊಂಡು ಗಟ್ಟಿಯಾಗಿ ಕೂತಳು. ನಾನು ಅವಳ ತೊಡೆಯ ಮೇಲೆ ಕೂತು ನೋಡಿದೆ. ಅತ್ತೆ ನಿಂಬೆಹಣ್ಣನ್ನು ಹಿಡಿದು ದೀಪದ ಸುತ್ತ ನಿಧಾನವಾಗಿ ನಡೆದಳು. ದೀಪದ ಆಚೆಗಿದ್ದಾಗ ಹಣ್ಣು ಪೂರ್ತಿ ಬೆಳಗಿತ್ತು, ಆದರೆ ದೂರ, ಸಣ್ಣದು. ಪಕ್ಕಕ್ಕೆ ಬಂದಾಗ ಅರ್ಧ. ಸುತ್ತಿ ನಮ್ಮ ಮತ್ತು ದೀಪದ ನಡುವೆ ಬರುತ್ತಿದ್ದಂತೆ ಅದರ ಒಂದು ಅಂಚಿಗೆ ಮಾತ್ರ ಬೆಳಕಿನ ಎಳೆ ಉಳಿಯಿತು. ಹಣ್ಣು ಮಾತ್ರ ನನ್ನ ಮುಖದ ಹತ್ತಿರ, ದೊಡ್ಡದಾಗಿ ಬಂದಿತ್ತು. ನಾನು ಕಂಡದ್ದನ್ನು ಕೂಗಿ ಹೇಳಿದೆ. ಅತ್ತೆ ನಿಂತಲ್ಲೇ ನಿಂತಳು.

"ಹಂಗಾರ ಅಂವ ದಿನಾ ನಮ್ಮ ಕಡೆ ಬರಾಕತ್ಯಾನ!"

ಮಾಸ್ತರರು ಏನಾದರೂ ಹೇಳುವ ಮೊದಲೇ ಅಜ್ಜಿ ಮಣೆಯ ಮೇಲಿನಿಂದ ಕೈಯೆತ್ತಿದಳು.

"ಎದುರಿಗೆ ಬರಾಕತ್ಯಾನ ಅಂತ ನಾ ಮೊದಲs ಹೇಳಿದ್ನಿಲ್ಲೋ? ಈಗ ತಿಳೀತೇನು?"

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ತನ್ನ ಮಾತಿಗೆ ಹೈಸ್ಕೂಲಿನ ಮಾಸ್ತರರೇ ಸಾಕ್ಷಿ ಕೊಟ್ಟರೆಂದು ಸಂದಿಯ ನಾಲ್ಕು ಮನೆಗೆ ಹೇಳಿ ಬಂದಳು.

ಹೋಳಿ ಕಳೆದು ಬಿಸಿಲು ಏರಿದ ಮೇಲೆ ಅವ್ವ ಮತ್ತು ಅತ್ತೆ ಹಿತ್ತಿಲಿನಲ್ಲಿ ಸಂಡಿಗೆ ಹಾಕಿದರು. ಕಾಗೆ ಕಾಯುವುದು ಅತ್ತೆಯ ಮತ್ತು ನನ್ನ ಕೆಲಸ. ಮಧ್ಯಾಹ್ನ ಇಳಿದು ಸೂರ್ಯ ಪಕ್ಕದ ಮನೆಯ ಮಾಡಿನ ಹಿಂದೆ ಸರಿದಾಗ ಗೋಡೆಯ ನೆರಳು ನಮ್ಮ ಮೇಲೆ ಬೀಳುತ್ತಿತ್ತು. ಅಲ್ಲಿ ಚಾಪೆ ಹಾಸಿ ಅಂಗಾತ ಮಲಗಿದ್ದ ಅತ್ತೆ ಇದ್ದಕ್ಕಿದ್ದಂತೆ ನನ್ನ ಮುಂಗೈ ಹಿಡಿದಳು.

"ಅಲ್ಲಿ ನೋಡು. ತೆಂಗಿನ ಗರಿ ತುದಿಗೆ. ಇನ್ನೂ ಮ್ಯಾಲೆ."

ನೀಲಿಯಲ್ಲಿ ನನಗೇನೂ ಕಾಣಲಿಲ್ಲ. ಅವಳು ನನ್ನ ತಲೆಯನ್ನು ತನ್ನ ತಲೆಗೆ ಒತ್ತಿಕೊಂಡು, ಗರಿಯ ತುದಿಯಿಂದ ಕಣ್ಣನ್ನು ಮೇಲೇರಿಸಲು ಹೇಳಿದಳು. ಆಗ ಕಂಡಿತು. ಹಗಲಿನಲ್ಲೇ, ಹಿಟ್ಟಿನ ಒಂದು ಕಣ ಅಂಟಿದ ಹಾಗೆ, ಬಿಳಿಯ ಚುಕ್ಕಿ. ಒಮ್ಮೆ ಕಂಡ ಮೇಲೆ ಇಷ್ಟು ಹೊತ್ತು ಕಾಣದಿದ್ದದ್ದು ಹೇಗೆಂದು ಆಶ್ಚರ್ಯವಾಗುವಷ್ಟು ಸ್ಪಷ್ಟ. ಕಣ್ಣು ಕದಲಿಸಿದರೆ ಮತ್ತೆ ಮಾಯ. ನಾವು ಹೀಗೆ ಹುಡುಕುತ್ತಿರುವಾಗ ಕಾಗೆಗಳು ಸಂಡಿಗೆಯ ಒಂದು ಮೂಲೆಯನ್ನು ಖಾಲಿ ಮಾಡಿದವು. ಅವ್ವ ಬೈದಳು. ಹಗಲು ಚಿಕ್ಕಿ ಕಂಡಿತೆಂದು ಅತ್ತೆ ಹೇಳಿದಾಗ ಅದಕ್ಕೂ ಬೈದಳು.

ಆ ಹಿಟ್ಟಿನ ಕಣದಿಂದ ಫೋಟೋದ ದಾರಿ ತೆರೆಯಿತು. ಅಲ್ಲಿಯವರೆಗೆ ಅಪ್ಪ ಕತ್ತಲಾದ ಮೇಲೆ ತೆಗೆದ ಗಾಜಿನ ಪ್ಲೇಟುಗಳೆಲ್ಲ ಹಾಳಾಗಿದ್ದವು. ಶುಕ್ರನ ಹೊಳಪು ಗಾಜಿನ ಮೇಲೆ ಹರಡಿ, ಎಣ್ಣೆಯ ಹನಿ ಬಿದ್ದ ಹಾಗೆ ಬರೀ ಒಂದು ಮಸುಕು ಉಳಿಯುತ್ತಿತ್ತು. ಹಗಲಿನಲ್ಲಿ ಆಕಾಶಕ್ಕೂ ಬೆಳಕಿರುವುದರಿಂದ ಶುಕ್ರನ ಕಣ್ಣು ಕುಕ್ಕುವ ಗುಣ ತಗ್ಗಿ, ಕುಡುಗೋಲಿನ ಎರಡು ಕೋಡುಗಳು ಚೊಕ್ಕವಾಗಿ ಕಾಣುತ್ತವೆಂದು ಅತ್ತೆ ಕಂಡುಕೊಂಡಳು. ಮಾಸ್ತರರು ಕುಣಿದಾಡಿದರು. ಆದರೆ ಒಂದು ಕಟ್ಟಳೆ ಹಾಕಿದರು. ಸೂರ್ಯ ಮಾಡಿನ ಹಿಂದೆ ಸರಿಯುವವರೆಗೆ ಯಾರೂ ಕೊಳವೆಯನ್ನು ಮುಟ್ಟಕೂಡದು, ತಪ್ಪಿ ಸೂರ್ಯ ಒಳಗೆ ಬಿದ್ದರೆ ಕಣ್ಣು ಹೋದ ಹಾಗೆಯೇ. ಅಪ್ಪ ಮೋಡದ ಚಿತ್ರಗಳಿಗೆ ಬಳಸುತ್ತಿದ್ದ ಹಳದಿ ಗಾಜನ್ನು ಹುಡುಕಿ ತಂದ. ಅದನ್ನು ಅಡ್ಡ ಹಿಡಿದರೆ ಫೋಟೋದಲ್ಲಿ ನೀಲಿ ಆಕಾಶ ಕಪ್ಪಾಗಿ ಬಂದು ಶುಕ್ರ ಬಿಳುಪಾಗಿ ಉಳಿಯುತ್ತಾನೆ ಎಂದ. ಉಳಿದದ್ದು ಅಲುಗಾಟ. ಕೊಳವೆಯ ತುದಿಗೆ ಕ್ಯಾಮೆರಾ ಕಟ್ಟಿದರೆ ಮೂರು ಕಾಲು ಬಾಗಿ ನಡುಗುತ್ತಿತ್ತು. ಅದರ ನಡುವೆ ಭಾರವಾದ್ದೇನನ್ನಾದರೂ ತೂಗುಹಾಕಬೇಕು. ಅಪ್ಪ ಅಡುಗೆಮನೆಗೆ ನುಗ್ಗಿ ರುಬ್ಬುವ ಗುಂಡುಕಲ್ಲನ್ನು ಎತ್ತಿಕೊಂಡು ಬಂದ. ಅಜ್ಜಿ ಅವನ ಹಿಂದೆಯೇ ಓಡಿ ಬಂದಳು.

"ಅನ್ನದ ಕಲ್ಲೋ ಅದು! ಅದಕ್ಕ ಹಗ್ಗ ಕಟ್ಟಿ ನೇಣು ಹಾಕ್ತೀಯೇನು?"

"ಹಂಗಲ್ಲ ಯವ್ವಾ, ಸಂಜೀಕ ತೊಳದು ಕೊಡ್ತೀನಿ."

"ಆಮ್ಯಾಲೆ ಚಟ್ನಿ ಬೇಕು ಅಂತ ನನ್ನ ಮುಂದ ಕುಂದರಬ್ಯಾಡ."

ನಾವು ಬಹಳ ದಿನ ಚಟ್ನಿಯಿಲ್ಲದೆ ರೊಟ್ಟಿ ತಿಂದೆವು.

ಈ ಹೊಸ ವ್ಯವಸ್ಥೆಯಲ್ಲಿ ತೆಗೆದ ಮೊದಲ ಪ್ಲೇಟಿನಲ್ಲಿ ಒಂದು ಕುಡುಗೋಲು ಬಂತು. ಮಂಕಾಗಿ, ಎರಡೂ ತುದಿ ಕರಗಿದ ಹಾಗೆ, ಆದರೆ ಕುಡುಗೋಲೇ. ಅಪ್ಪ ಒದ್ದೆ ಗಾಜನ್ನು ಹಿಡಿದುಕೊಂಡೇ ಅವ್ವನ ಮೇಜಿಗೆ ಹೋದ. ಸ್ವಲ್ಪ ತೀಡಿ ಎರಡು ಕೋಡುಗಳನ್ನು ಚೂಪು ಮಾಡಿಕೊಟ್ಟರೆ ಸಾಕು, ಬೀದಿಯ ಕಡೆಯ ಗಾಜಿನ ಕಪಾಟಿನಲ್ಲಿ ಇಡೋಣ ಎಂದ. ಅವ್ವ ಪ್ಲೇಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಪೆನ್ಸಿಲ್ಲನ್ನು ಕೆಳಗಿಟ್ಟಳು.

"ಇದನ್ನ ನಾ ಮುಟ್ಟಂಗಿಲ್ಲ."

"ಯಾಕ? ದಿನಾ ಮಾಡೋ ಕೆಲಸನs ಅಲ್ಲೇನು?"

"ಮದುವಿ ಹುಡುಗಿ ಮಾರಿ ಮ್ಯಾಲಿನ ಕಲೆ ತಗದ್ರ ಆಕೀಗೂ ಗೊತ್ತಿರತೈತಿ, ನನಗೂ ಗೊತ್ತಿರತೈತಿ. ಇದರ ಕೋಡು ಎಲ್ಲೀತನ ಐತಿ ಅಂತ ನಿಮಗs ಗೊತ್ತಿಲ್ಲ. ನಾ ಎಲ್ಲೀತನ ತೀಡ್ಲಿ?"

ಅಪ್ಪನಿಗೆ ಸಿಟ್ಟು ಬಂತು. ಮಾತಿಗೆ ಮಾತು ಬೆಳೆದು, ಇಬ್ಬರೂ ಆ ದಿನ ಬೇರೆಬೇರೆ ಹೊತ್ತಿಗೆ ಉಂಡರು. ನಾನು ಮುಂದೆ ದೊಡ್ಡವಳಾಗಿ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ದುಡಿದವಳು. ರಕ್ತದ ಹನಿಯಲ್ಲಿ ಇದ್ದಿರಬಹುದೆಂದು ವೈದ್ಯರು ನಿರೀಕ್ಷಿಸಿದ್ದು ನನಗೆ ಕಾಣದೆ ಹೋದಾಗ, ಕಾಣಲಿಲ್ಲ ಎಂದೇ ಬರೆದು ಕೊಡುತ್ತಿದ್ದೆ. ಅದಕ್ಕಾಗಿ ಮೊಂಡಿ ಎನಿಸಿಕೊಂಡದ್ದೂ ಇದೆ. ಆ ಮೊಂಡುತನ ನನಗೆ ಅವ್ವನ ಮೇಜಿನಿಂದ ಬಂದದ್ದು.

ಯುಗಾದಿ ಮುಗಿದ ಮೇಲಿನ ಒಂದು ಶನಿವಾರ ಬಸವಂತಪ್ಪ ಮಾಮಾ ಹೇಳದೆ ಕೇಳದೆ ಬಂದ. ಘಟ್ಟದ ಕೆಂಪು ಧೂಳು ಅವನ ಹುಬ್ಬಿಗೆಲ್ಲ ಅಂಟಿತ್ತು. ಕುಮಟೆಯಲ್ಲಿ ಬಾಡಿಗೆಗೆ ಮನೆ ಹಿಡಿದು, ಒಲೆ ಹಾಕಿಸಿ, ಖಾಲಿ ಮನೆಯಲ್ಲಿ ಒಬ್ಬನೇ ಇದ್ದವನು. ಈ ಸಲ ಒಂದು ಉಪಾಯ ಕಟ್ಟಿಕೊಂಡೇ ಬಂದಿದ್ದ. ಕೈಕಾಲು ತೊಳೆದವನು ಅಜ್ಜಿಯ ಮುಂದೆ ಕೂತ.

"ಸೀದಾ ಕುಮಟೇಕ ಹೋಗೋದ ಬ್ಯಾಡ್ರಿ ಅತ್ತಿ. ನಾಳಿ ಮಧ್ಯಾಹ್ನ ಯಲ್ಲಾಪುರಕ್ಕ ಹೊಂಡ್ತೀವಿ. ಅದು ಬಡಗಣ. ಅಲ್ಲಿ ನಮ್ಮ ಕಾಕಾನ ಮನ್ಯಾಗ ಇದ್ದು, ಅಂಕೋಲಾಕ್ಕ ಇಳದು, ಅಲ್ಲಿಂದ ತೆಂಕಣಕ್ಕ ಕುಮಟೆ."

"ಯಲ್ಲಾಪುರದಿಂದ ಅಂಕೋಲಾ ಯಾವ ದಿಕ್ಕು?"

ಮಾಮಾ ಗಾಳಿಯಲ್ಲಿ ಕೈ ಸುತ್ತಿಸಿ ತೋರಿಸಿದ.

"ಆ ಘಟ್ಟದ ರಸ್ತೆ ಹಾವಿನಂಗ ಸುತ್ತತೈತ್ರಿ. ಅದಕ್ಕ ದಿಕ್ಕು ಅನ್ನೋದs ಇಲ್ಲ."

ಅಜ್ಜಿ ಅಳಿಯನ ಸೊರಗಿದ ಮುಖ ನೋಡಿದಳು. ಕೊನೆಗೆ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿ, ಆಗಲಿ ಎಂದಳು. ಅಪ್ಪನಿಗೆ ಭಾರ ಇಳಿದ ಹಾಗಾಯಿತು. ಅವ್ವ ಶಾವಿಗೆ ಪಾಯಸಕ್ಕೆ ಹಾಲು ಕಾಯಿಸಲು ಎದ್ದಳು. ಆಗ ಅಡುಗೆಮನೆಯ ಬಾಗಿಲಿನಿಂದ ಅತ್ತೆಯ ದನಿ ಕೇಳಿತು.

"ನಾ ಈಗ ಬರಂಗಿಲ್ಲ."

ಹಿರಿಯರ ಎದುರಿಗೆ ಗಂಡನಿಗೆ ಉತ್ತರ ಕೊಡುವ ಸೊಸೆಯನ್ನಾಗಲಿ ಮಗಳನ್ನಾಗಲಿ ನಾವು ಅಲ್ಲಿಯವರೆಗೆ ನೋಡಿರಲಿಲ್ಲ. ಮಾಮಾ ತಿರುಗಿ ನೋಡಿದ.

"ಯಾಕ?"

"ಶುಕ್ರ ಇನ್ನೂ ತೆಳ್ಳಗಾಗೋದೈತಿ. ದಾರದಂಗ ಆಗ್ತಾನಂತ. ಇನ್ನ ಸ್ವಲ್ಪ ದಿನ. ಅದನ್ನ ನೋಡಿ, ಫೋಟೋ ತಗದು, ಬರ್ತೀನಿ. ಖಂಡಿತ ಬರ್ತೀನಿ."

"ನಿಮ್ಮವ್ವ ಶುಕ್ರ ಅಂತ ಕಳಸ್ಲಿಲ್ಲ. ಈಗ ಆಕಿ ಕಳಸ್ತೀನಂದ್ರ ನೀ ಶುಕ್ರ ಅಂತ ಬರಂಗಿಲ್ಲ. ಕಚೇರ್ಯಾಗ ಮಂದಿ ಕೇಳಿದ್ರ ನಾ ಏನಂತ ಹೇಳ್ಲಿ?"

ಅಪ್ಪ ಎದ್ದು ನಿಂತು ತಂಗಿಯ ಮೇಲೆ ಕೂಗಾಡಿದ. ಕೊಳವೆಯನ್ನು ಮುರಿದು ಬಾವಿಗೆ ಹಾಕುತ್ತೇನೆಂದ. ಅಜ್ಜಿ, ಇಷ್ಟು ದಿನ ತಾನೇ ತಡೆದವಳು, ಈಗ ಮಗಳ ಕೈ ಹಿಡಿದು ಹೋಗವ್ವಾ ಎಂದು ಬೇಡಿದಳು. ಅತ್ತೆ ಅಳಲಿಲ್ಲ, ವಾದಿಸಲೂ ಇಲ್ಲ. ರಾತ್ರಿ ಅಪ್ಪನ ಮಾತಿನಂತೆ ಟ್ರಂಕಿಗೆ ಸೀರೆ ತುಂಬಿದಳು. ಮರುದಿನ ಪಾಯಸವನ್ನು ಮಾಮಾ ಅರ್ಧ ಬಟ್ಟಲೂ ಉಣ್ಣಲಿಲ್ಲ. ಉಂಡೆದ್ದವನು ಸ್ಟುಡಿಯೋದಲ್ಲಿ, ಗಿರಾಕಿಗಳ ಕುರ್ಚಿಯಲ್ಲಿ, ಹಂಸಗಳಿಗೆ ಬೆನ್ನು ಮಾಡಿ ಕೂತ. ಹಗಲು ಚಿಕ್ಕಿ ತೋರಿಸಲೇನು ಎಂದು ನಾನು ಹೋಗಿ ಕೇಳಿದೆ. ಅವನು ನನ್ನ ಕಡೆ ನೋಡಲಿಲ್ಲ. ಇವನು ಅತ್ತೆಯನ್ನು ಬಿಟ್ಟುಬಿಡುತ್ತಾನೆಂದು ಅವ್ವ ಅಜ್ಜಿಗೆ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿದ್ದಿತ್ತು. ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಯಲ್ಲಾಪುರದ ಬಸ್ಸಿಗೆ ಹೊತ್ತಾಗುತ್ತ ಬಂದಾಗ ಮಾಮಾ ಮುಖ ತೊಳೆಯಲು ಹಿತ್ತಿಲಿಗೆ ಬಂದ. ಸೂರ್ಯ ಮಾಡಿನ ಹಿಂದೆ ಸರಿದಿದ್ದ. ಹೊರಡುವ ಸೀರೆಯುಟ್ಟು ಅತ್ತೆ ಕೊಳವೆಯ ಹತ್ತಿರ ನಿಂತಿದ್ದಳು. ಕೊನೆಯ ಸಲವೆಂದು ಬಂದಿದ್ದಳೋ ಏನೋ. ಅವನ ಹೆಜ್ಜೆ ಕೇಳಿಯೂ ತಿರುಗದೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

"ಬರ್ರಿ."

ಅವನು ಮುಖದ ನೀರು ಒರೆಸಿಕೊಂಡ. ಆಮೇಲೆ ಬಂದು ಬಗ್ಗಿದ.

"ಏನೂ ಇಲ್ಲಲ್ಲ. ಬರೇ ನೀಲಿ."

"ಅವಸರ ಮಾಡಬ್ಯಾಡ್ರಿ. ಉಸರು ಬಿಗಿ ಹಿಡೀರಿ. ಕಣ್ಣಿಗೆ ತಾನs ಸಿಗತೈತಿ."

ಮಾಮಾನ ಬೆನ್ನು ಸೆಟೆಯಿತು.

"ಆಂ! ಬಳಿ ಚೂರು! ಬಳಿ ಒಡದು ಬಿದ್ದಂಗೈತಿ."

"ಅದs ಶುಕ್ರ."

"ಇದs? ಇದs ಏನು ನನ್ನ ಹೆಂಡ್ತೀನ ಹಿಡದಿಟ್ಕೊಂಡಾಂವ?"

ಅವನು ನಕ್ಕುಬಿಟ್ಟ. ಬಂದಾಗಿನಿಂದ ಮೊದಲ ಸಲ. ಮತ್ತೆ ಬಗ್ಗಿದ. ಇದು ಯಾಕೆ ಹೀಗಿದೆ, ಉಳಿದ ಭಾಗ ಎಲ್ಲಿ, ಹಗಲಿನಲ್ಲಿ ಇದನ್ನು ಹುಡುಕಿದವರು ಯಾರು ಎಂದು ಕೇಳತೊಡಗಿದ. ಅತ್ತೆ ನನ್ನನ್ನು ನಿಂಬೆಹಣ್ಣು ತರಲು ಓಡಿಸಿದಳು. ದೀಪವಿರಲಿಲ್ಲ, ಬಾವಿಯ ಕಂಬವನ್ನೇ ಸೂರ್ಯನೆಂದುಕೊಂಡು, ಗಂಡನನ್ನು ಭೂಮಿಯ ಜಾಗದಲ್ಲಿ ನಿಲ್ಲಿಸಿ, ಸೆರಗು ಸಿಕ್ಕಿಸಿಕೊಂಡು ಸುತ್ತಿದಳು. ಅವನು ಅಡ್ಡ ಪ್ರಶ್ನೆ ಹಾಕಿದ. ಅವಳಿಗೆ ಗೊತ್ತಿದ್ದಷ್ಟಕ್ಕೆ ಉತ್ತರ ಹೇಳಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲವೆಂದಳು. ಪೇಟೆಯ ಕಡೆಯಿಂದ ಬಸ್ಸಿನ ಹಾರ್ನು ಕೇಳಿಸಿತು. ಅಪ್ಪ ಟ್ರಂಕನ್ನು ಬಾಗಿಲಿಗೆ ತಂದಿಟ್ಟು ಕರೆಯಲು ಬಂದವನು, ಹಿತ್ತಿಲಿನ ಹೊಸ್ತಿಲ ಮೇಲೆ ನಿಂತು ನೋಡಿ, ತಿರುಗಿ ಹೋಗಿ ಟ್ರಂಕನ್ನು ಒಳಗಿಟ್ಟ.

ಮಾಮಾ ಮರುದಿನ ಬೆಳಗಿನ ಬಸ್ಸಿಗೆ ಒಬ್ಬನೇ ಹೊರಟ. ಮುಂದಿನ ಶನಿವಾರ ಮತ್ತೆ ಬಂದ. ಅಷ್ಟು ಹೊತ್ತಿಗೆ ಬೆಟ್ಟದ ಒಣಹುಲ್ಲಿಗೆ ಬಿದ್ದ ಬೆಂಕಿಯ ಹೊಗೆಯಿಂದ ಆಕಾಶ ಮಸುಕಾಗಿತ್ತು. ಎರಡು ದಿನ ಶುಕ್ರನೇ ಸಿಕ್ಕಿರಲಿಲ್ಲ. ಭಾನುವಾರ ಗಾಳಿ ಬೀಸಿ ತಿಳಿಯಾಯಿತು. ಸೂರ್ಯ ಮರೆಯಾದ ಕೂಡಲೇ ಮಾಸ್ತರರು ಹುಡುಕಿದರು, ಅಪ್ಪ ಹುಡುಕಿದ, ಸಿಗಲಿಲ್ಲ. ಶುಕ್ರ ಹಿಂದಿನ ವಾರಕ್ಕಿಂತ ಮಾಡಿನ ಅಂಚಿಗೆ ಹತ್ತಿರ ಇಳಿದಿದ್ದ. ಅತ್ತೆ ಹುಡುಕಿ ಹಿಡಿದಳು. ಪಕ್ಕಕ್ಕೆ ಸರಿದು ಅಪ್ಪನಿಗೆ ಕೈಸನ್ನೆ ಮಾಡಿದಳು. ಅಪ್ಪ ಕ್ಯಾಮೆರಾ ಕಟ್ಟಿದ. ಮಾಮಾ ಗುಂಡುಕಲ್ಲು ತೂಗಾಡದಂತೆ ಎರಡೂ ಕೈಯಿಂದ ಹಿಡಿದು ಕುಕ್ಕರುಗಾಲಿನಲ್ಲಿ ಕೂತ. ಬೆಳಕು ಬಿಡಲು ಕೊಳವೆಯ ಬಾಯಿಯ ಮುಚ್ಚಳ ತೆಗೆದು ಮತ್ತೆ ಮುಚ್ಚುವ ಕೆಲಸವನ್ನು ಅತ್ತೆಗೇ ಬಿಟ್ಟರು. ಒಂದು ಪ್ಲೇಟು, ಇನ್ನೊಂದು, ಮತ್ತೊಂದು. ಆಮೇಲೆ ಎಲ್ಲರೂ ಕತ್ತಲೆ ಕೋಣೆಯ ಬಾಗಿಲ ಹೊರಗೆ ಕೂತು ಕಾದೆವು. ಒಳಗಿನಿಂದ ಅಪ್ಪನ ದನಿಗಾಗಿ ಅಷ್ಟು ಹೊತ್ತು ಕಾದದ್ದು ನನಗೆ ಬೇರೆ ನೆನಪಿಲ್ಲ. ಕೊನೆಗೆ ಅವನು ನೀರು ತೊಟ್ಟಿಕ್ಕುವ ಗಾಜನ್ನು ಹಿಡಿದು ಹೊರಗೆ ಬಂದು, ಸೀದಾ ಅವ್ವನ ಮೇಜಿಗೆ ಹೋಗಿ, ಬೆಳಕಿಗೆ ಹಿಡಿದ. ನೆಗೆಟಿವ್ ಆದ್ದರಿಂದ ಶುಕ್ರ ಕಪ್ಪಾಗಿದ್ದ. ರೆಪ್ಪೆಗೂದಲಿನಷ್ಟು ಸಣ್ಣ ಬಾಗು. ತುದಿಗಳೆರಡೂ ಚೂಪು.

"ಇದಕ್ಕ ನನ್ನ ಪೆನ್ಸಿಲ್ ಬ್ಯಾಡ," ಎಂದಳು ಅವ್ವ.

ಅಜ್ಜಿ ಅಷ್ಟು ದಿನವೂ ಕೊಳವೆಗೆ ಕಣ್ಣಿಟ್ಟಿರಲಿಲ್ಲ. ಆ ಸಂಜೆ, ನಾವೆಲ್ಲ ಪ್ಲೇಟಿನ ಸುತ್ತ ಗದ್ದಲ ಮಾಡುತ್ತಿದ್ದಾಗ, ತಾನಾಗಿಯೇ ಹಿತ್ತಿಲಿಗೆ ಹೋಗಿ ನಿಂತಿದ್ದಳು. ಅತ್ತೆ ಹಿಂದೆಯೇ ಹೋದಳು, ನಾನೂ ಹೋದೆ. ಶುಕ್ರ ಇನ್ನೇನು ಮಾಡಿನ ಹಿಂದೆ ಇಳಿಯುವುದರಲ್ಲಿದ್ದ. ಅತ್ತೆ ಕೊಳವೆ ತಿರುಗಿಸಿ, ತಾಯಿಯ ಗದ್ದ ಹಿಡಿದು ಕಣ್ಣನ್ನು ಗಾಜಿಗೆ ತಂದಳು. ಅಜ್ಜಿ ಮೊದಲು ಕೈ ಮುಗಿದಳು, ಆಮೇಲೆ ನೋಡಿದಳು. ಬೈಗುಳವೋ ಮಂತ್ರವೋ ಬರುತ್ತದೆಂದು ನಾನು ಕಾದೆ.

"ಅಯ್ಯ ಶಿವನ," ಎಂದಳು ಅಜ್ಜಿ ಮೆಲ್ಲಗೆ. "ಎಷ್ಟ ಸೊರಗಿ ಹೋಗ್ಯಾನಲ್ಲೇ ನೀಲಿ."

ಅವನು ಮಾಡಿನ ಹಿಂದೆ ಇಳಿಯುವವರೆಗೂ ಅವಳು ಕಣ್ಣು ತೆಗೆಯಲಿಲ್ಲ. ಒಳಗೆ ಬಂದು ಕಾಲು ತೊಳೆದು, ಪೂಜೆಗೆ ಕೂಡುವ ಮೊದಲು, ತನ್ನ ಚೊಚ್ಚಲ ಕೂಸಿನ ಹೆಸರು ಗುರಪ್ಪ ಎಂದು ಅತ್ತೆಗೆ ಹೇಳಿದಳು.

ಕೆಲವು ದಿನ ಶುಕ್ರ ಎಲ್ಲಿಯೂ ಇರಲಿಲ್ಲ. ಆಮೇಲೆ ಒಂದು ಬೆಳಗಿನ ಜಾವ ಅಜ್ಜಿಯೇ ನಮ್ಮನ್ನೆಲ್ಲ ಎಬ್ಬಿಸಿ, ಬೀದಿಗೆ ಕರೆದುಕೊಂಡು ಹೋಗಿ, ಮೂಡಣಕ್ಕೆ ಶುಕ್ರ ಬೆಳ್ಳಿಯಾಗಿ ಮೂಡಿದ್ದನ್ನು ತೋರಿಸಿದಳು. ಆ ವಾರವೇ ಅತ್ತೆ ಕುಮಟೆಗೆ ಹೋದಳು. ಮಾಮಾ ಬಂದು ಕರೆದೊಯ್ದ. ಟ್ರಂಕಿನಲ್ಲಿ ಸೀರೆಗಳ ನಡುವೆ ಶುಕ್ರನ ಒಂದು ಪ್ರತಿಯನ್ನು ಇಟ್ಟುಕೊಂಡಳು. ಇನ್ನೊಂದನ್ನು ಅಪ್ಪ ಬೀದಿಯ ಗಾಜಿನ ಕಪಾಟಿನಲ್ಲಿ, ಇಬ್ಬರು ಮದುಮಕ್ಕಳ ಫೋಟೋಗಳ ನಡುವೆ ಇಟ್ಟ. ನೋಡಿದವರೆಲ್ಲ ಬಿದಿಗೆ ಚಂದ್ರ ಎಂದರು. ಅಪ್ಪ ಮೊದಮೊದಲು ತಿದ್ದಿದ, ಆಮೇಲೆ ಬಿಟ್ಟುಬಿಟ್ಟ.

ಅತ್ತೆ ಹೋದ ದಿನ ಸಂಜೆ ಮನೆ ಮನೆಯಂತಿರಲಿಲ್ಲ. ನಾನು ಹಿತ್ತಿಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತೆ. ಮಾಸ್ತರರು ರಜೆಗೆ ಊರಿಗೆ ಹೋಗಿದ್ದರು. ಕೊಳವೆ ಮಾತ್ರ ಅಲ್ಲೇ ನಿಂತಿತ್ತು. ಪಶ್ಚಿಮದಲ್ಲಿ ನೋಡುವುದಕ್ಕೆ ಯಾರೂ ಇರಲಿಲ್ಲ. ಕತ್ತಲು ಕವಿಯುತ್ತಿರುವಾಗ ಅಡುಗೆಮನೆಯ ಬಾಗಿಲು ಸದ್ದಾಯಿತು. ಅವ್ವ, ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ, ನನ್ನ ಪಕ್ಕ ಬಂದು ನಿಂತಳು.

"ಇವತ್ತ ಏನು ನೋಡೋದು?"

"ಗೊತ್ತಿಲ್ಲವ್ವಾ. ಶುಕ್ರ ಇಲ್ಲ."

"ಶುಕ್ರ ಇಲ್ಲಂದ್ರ ಇನ್ನ ಯಾರೂ ಇಲ್ಲೇನು?"

ಅವಳೇ ಕೊಳವೆ ಹಿಡಿದು ಮೇಲಕ್ಕೆ ತಿರುಗಿಸಿದಳು, ಎಲ್ಲಿಗೆ ಅಂತಲ್ಲ, ಬಾವಿಯ ನೆತ್ತಿಯ ಕಡೆಗೆ. ಕಣ್ಣಿಟ್ಟು, ದಿನವೂ ಗಾಜು ನೋಡುವವಳ ಅಭ್ಯಾಸದಿಂದ, ಸ್ವಲ್ಪವೂ ಅಲುಗಾಡದೆ ನಿಂತಳು. ಆಮೇಲೆ ನನ್ನನ್ನು ಎಳೆದು ತೋರಿಸಿದಳು. ಒಂದು ನಕ್ಷತ್ರವಿರಬೇಕಾದಲ್ಲಿ ಎರಡಿದ್ದವು, ಒತ್ತೊತ್ತಾಗಿ.

"ಇವಕ್ಕ ಹೆಸರೇನು?" ಎಂದಳು ಅವ್ವ.

"ಗೊತ್ತಿಲ್ಲ."

"ಮಾಸ್ತರು ಬಂದ ಮ್ಯಾಲೆ ಕೇಳೂಣು," ಎಂದು ಅವ್ವ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. "ಅಲ್ಲೀತನ ನೀ ಸರಕೋ, ಇನ್ನೊಮ್ಮೆ ನೋಡ್ತೀನಿ."